ಕರ್ತನ ಮೇಜು ಮತ್ತು ನನ್ನ ಎಡಗೈ

ನನ್ನ ಕೈ ಸುಟ್ಟಿದ್ದು ಮೊದಲು ಗೊತ್ತಾದದ್ದು ನನಗಲ್ಲ, ನಮ್ಮ ಅತ್ತೆಗೆ. ಹೊರಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದವರು, "ಏನೇ ಸುಗುಣ, ಏನ್ ಸೀಯಿಸ್ತಿದ್ದೀಯ? ವಾಸ್ನೆ ಇಲ್ಲೀಗಂಟ ಬತ್ತೈತೆ" ಅಂತ ಕೂಗಿದರು. ಹಂಚಿನ ಮೇಲಿನ ರೊಟ್ಟಿ ನೋಡಿದೆ. ರೊಟ್ಟಿ ಸೀದಿರಲಿಲ್ಲ. ಹಂಚಿನ ಅಂಚಿಗೆ ನನ್ನ ಎಡಗೈಯ ಕಿರುಬೆರಳೂ ಉಂಗುರದ ಬೆರಳೂ ಒರಗಿಕೊಂಡಿದ್ದವು, ಎಷ್ಟು ಹೊತ್ತಿನಿಂದಲೋ. ಕೈ ತೆಗೆದೆ. ಚರ್ಮ ಸ್ವಲ್ಪ ಹಂಚಿಗೇ ಅಂಟಿಕೊಂಡಿತು. ನೋವಾಗಲಿಲ್ಲ, ಗಾಬರಿಯೂ ಆಗಲಿಲ್ಲ. ನಾನು ಮೊದಲು ಮಾಡಿದ ಕೆಲಸವೆಂದರೆ ರೊಟ್ಟಿಯನ್ನು ತಿರುವಿ ಹಾಕಿದ್ದು.

ಆ ರೊಟ್ಟಿ ಮನೆಯ ಊಟಕ್ಕಲ್ಲ, ಮರುದಿನದ ಕರ್ತನ ಮೇಜಿಗೆ. ಯೇಸು ಸಾಯುವ ಮುಂಚೆ ಶಿಷ್ಯರ ಜೊತೆ ಕೂತು ರೊಟ್ಟಿ ಮುರಿದು ಹಂಚಿದ್ದರ ನೆನಪಿಗೆ ನಾವು ತಿಂಗಳಿಗೊಂದು ಭಾನುವಾರ ಆ ಮೇಜು ಇಡುತ್ತೇವೆ. ಹೊಸೂರಿನ ರಾಯಕೋಟೆ ರಸ್ತೆಯಲ್ಲಿ ಒಂದು ಪೈಂಟ್ ಅಂಗಡಿಯ ಮಹಡಿ ಮೇಲೆ ನಮ್ಮ ಸಭೆ ಸೇರುತ್ತದೆ. ಮಾಲೂರು, ಕೋಲಾರದ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದ ನಮ್ಮಂಥ ಮನೆಗಳು, ಕೆಲಮಂಗಲದ ಕಡೆಯ ಒಂದಷ್ಟು ಹಳೆಯ ಕುಟುಂಬಗಳು. ಅಂಗಡಿಯಲ್ಲಿ ತಮಿಳು, ಪಕ್ಕದ ಮನೆಯವರ ಜೊತೆ ತೆಲುಗು ಮಾತಾಡಿದರೂ ಕಣ್ಣು ಮುಚ್ಚಿದರೆ ಕನ್ನಡವೇ ಬರುವ ಜನ ನಾವು. ಮೇಜಿನ ರೊಟ್ಟಿ ಮಾಡುವುದು ನಾನು ಮದುವೆಯಾಗಿ ಬಂದಾಗಿನಿಂದ ನನ್ನ ಕೆಲಸ. ಗೋಧಿಹಿಟ್ಟು, ನೀರು, ಅಷ್ಟೇ. ಉಪ್ಪಿಲ್ಲ, ಹುಳಿಯಿಲ್ಲ, ತಟ್ಟೆಯಗಲ ಒಂದೇ ರೊಟ್ಟಿ. ದ್ರಾಕ್ಷಿರಸಕ್ಕೂ ಒಂದೇ ಬಟ್ಟಲು. ಕರೋನಾ ಬಂದಾಗ ಎಲ್ಲರಂತೆ ನಾವೂ ಪುಟ್ಟ ಲೋಟಗಳಿಗೆ ಹೋಗಿದ್ದೆವು. ಆಮೇಲೆ, ನಾವೆಲ್ಲ ಒಂದೇ ಮನೆಯವರು ಅಂತ ಜಂಬದಿಂದ ಮತ್ತೆ ಒಂದೇ ಬಟ್ಟಲಿಗೆ ಬಂದೆವು.

ಇನ್ನೊಂದು ಪದ್ಧತಿ ಇದೆ, ಅದನ್ನೂ ಹೇಳಿಬಿಡಬೇಕು. ಮೇಜಿಗೆ ಮುಂಚೆ ನಮ್ಮ ಅಯ್ಯನವರು, ಅಂದರೆ ಸಭೆಯ ಬೋಧಕರು, ಒಂದು ಎಚ್ಚರಿಕೆ ಕೊಡುತ್ತಾರೆ. ಯೋಗ್ಯತೆಯಿಲ್ಲದೆ ಈ ರೊಟ್ಟಿ ತಿಂದವರು ತಮ್ಮ ಮೇಲೆ ತಾವೇ ದೇವರ ತೀರ್ಪು ಎಳೆದುಕೊಳ್ಳುತ್ತಾರೆ, ಅದಕ್ಕೇ ಕೆಲವರು ಕಾಯಿಲೆ ಬೀಳುವುದು ಅಂತ. ಮನಸ್ಸಿನಲ್ಲಿ ಏನಾದರೂ ಕೊಳೆ ಇದೆ ಅನ್ನಿಸಿದವರು ಆವತ್ತು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ತಟ್ಟೆ ಬಂದರೆ ಹಾಗೇ ಮುಂದಕ್ಕೆ ದಾಟಿಸುತ್ತಾರೆ. ಹಿಂದಿನ ಸಾಲಿನಲ್ಲಿ ಯಾರಿದ್ದಾರೆ ಅಂತ ಯಾರೂ ತಿರುಗಿ ನೋಡಬಾರದು. ಎಲ್ಲರೂ ನೋಡುತ್ತಾರೆ. ಊಟದ ಹೊತ್ತಿಗೆ ಅವರು ಯಾರ ಜೊತೆ ಜಗಳ ಆಡಿದ್ದಾರೆ ಅಂತಲೂ ಪತ್ತೆಯಾಗಿರುತ್ತದೆ.

ನನ್ನ ಮೊಣಕೈ ಕೆಳಗೆ ಒಂದು ಮಾಸಲು ಕಲೆ ಬಹಳ ಹಿಂದೆಯೇ ಬಂದಿತ್ತು. ಹೊಸೂರಿನಲ್ಲೇ ಒಬ್ಬ ಚರ್ಮದ ಡಾಕ್ಟರಿಗೆ ತೋರಿಸಿದ್ದೆ. ಒಳ್ಳೆಯ ಮನುಷ್ಯ, ನಗುನಗುತ್ತಾ ಮಾತಾಡುತ್ತಿದ್ದರು. ಮೇಜಿನ ಆ ಕಡೆಯಿಂದಲೇ ನೋಡಿ, "ಒಣ್ಣುಮಿಲ್ಲಮ್ಮಾ, ತೇಮಲ್" ಅಂದರು. ಏನೂ ಇಲ್ಲ, ಬರೀ ಚಿಬ್ಬು ಅಂತ. ಮುಲಾಮು ಬರೆದುಕೊಟ್ಟರು. ವರ್ಷ ಪೂರ್ತಿ ಹಚ್ಚಿದೆ. ನಾನು ವಾಹನಗಳಿಗೆ ವೈರುಗಳ ಕಟ್ಟು ಮಾಡಿಕೊಡುವ ಒಂದು ಸಣ್ಣ ಯೂನಿಟ್ಟಿನಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಎಲ್ಲವೂ ಬೆರಳ ತುದಿಯದೇ ಕೆಲಸ. ನನ್ನ ಲೈನಿನಲ್ಲಿ ರಿಜೆಕ್ಷನ್ ಜಾಸ್ತಿಯಾಗುತ್ತಾ ಬಂತು. "ಸುಗುಣಾ, ಧ್ಯಾನ ಎಲ್ಲಿದೆ?" ಅಂತ ಸೂಪರ್‌ವೈಸರ್ ಬೈದು ಪ್ಯಾಕಿಂಗಿಗೆ ಹಾಕಿದ. ವಯಸ್ಸಾಯಿತೇನೋ ಅಂದುಕೊಂಡೆ.

ಸುಟ್ಟ ಬೆರಳಿಗೆ ಪಟ್ಟಿ ಕಟ್ಟಿದ ನರ್ಸ್, ನಾನು ಸುಮ್ಮನೆ ಕೂತಿದ್ದನ್ನು ನೋಡಿ, ನೋವಾಗುವುದಿಲ್ಲವಾ ಅಂತ ಕೇಳಿದಳು. ಇಲ್ಲ ಅಂದೆ. ಅವಳ ಮುಖ ಬದಲಾಯಿತು. ಕೃಷ್ಣಗಿರಿಯ ದೊಡ್ಡಾಸ್ಪತ್ರೆಗೆ ಹೋಗಿ ಅಂದಳು.

ಆ ಬೆಂಚಿನ ಮೇಲೆ ಕೂತದ್ದು ಚೆನ್ನಾಗಿ ನೆನಪಿದೆ. ಅಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಚರ್ಮ ನೋಡುತ್ತಾರೆ. ಮಾವಿನ ಮಂಡಿಯಲ್ಲಿ ಕೆಲಸ ಮಾಡುವ ಒಬ್ಬಾತ ಕಾಲಿಗೆ ಟವೆಲ್ ಸುತ್ತಿಕೊಂಡು ಕೂತಿದ್ದ, ನಾನು ಕೈಮೇಲೆ ಸೆರಗು ಹೊದ್ದುಕೊಂಡಿದ್ದೆ. ಇಬ್ಬರೂ ಗೋಡೆಯ ಮೇಲಿನ ಸೊಳ್ಳೆಯ ಚಿತ್ರವನ್ನು ಬಾಯಿಪಾಠ ಮಾಡುವಷ್ಟು ಹೊತ್ತು ನೋಡಿದೆವು. ಒಳಗೆ ಕರೆದ ಮೇಲೆ ಡಾಕ್ಟರಮ್ಮ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಹತ್ತಿಯ ಎಳೆಯಿಂದ ಮುಟ್ಟುತ್ತೇನೆ, ಎಲ್ಲಿ ಮುಟ್ಟಿದೆ ಅಂತ ಬೆರಳಿಟ್ಟು ತೋರಿಸಿ ಅಂದರು. ಕಣ್ಣು ಮುಚ್ಚಿ ಕಾದೆ. ಎಷ್ಟು ಹೊತ್ತಾದರೂ ಅವರು ಶುರು ಮಾಡಲಿಲ್ಲ. "ನಾನು ರೆಡಿ ಮೇಡಂ" ಅಂದೆ. "ಮುಗೀತಮ್ಮ, ಕಣ್ಣು ಬಿಡಿ" ಅಂದರು.

ಅವರು ನನ್ನ ಕೈ ಹಿಡಿದೇ ಇದ್ದರು. ಮೊಣಕೈ ಹಿಂದಿನ ನರವನ್ನು ಒತ್ತಿ ನೋಡಿದರು, ಅದು ದಪ್ಪಗಾಗಿದೆ ಅಂದರು. ಮೊದಲು ತಮಿಳಿನಲ್ಲಿ "ತೊಳುನೋಯ್" ಅಂದರು. ನನಗೆ ಅರ್ಥವಾಗಲಿಲ್ಲವೇನೋ ಅಂದುಕೊಂಡು, ತಮಗೆ ಬರುವ ಕನ್ನಡದಲ್ಲಿ, "ಕುಷ್ಠ, ಕುಷ್ಠ ಅಂತೀರಲ್ಲ, ಅದು. ಭಯ ಬೇಡ. ಮಾತ್ರೆ ತಗೊಂಡ್ರೆ ಪೂರ್ತಿ ವಾಸಿ. ಸತ್ತಿರೋ ನರ ಮಾತ್ರ ವಾಪಸ್ ಬರಲ್ಲ. ಸ್ವಲ್ಪ ಮುಂಚೆ ಬಂದಿದ್ರೆ ಈ ಬೆರಳೂ ಉಳೀತಿತ್ತು" ಅಂದರು. ಹಾಗೆನ್ನುತ್ತಲೇ ಮೊದಲ ಮಾತ್ರೆಗಳನ್ನು ನನ್ನ ಅಂಗೈಗೆ ಹಾಕಿ, ನೀರಿನ ಲೋಟ ಕೊಟ್ಟು, ಎದುರಿಗೇ ನುಂಗಿಸಿದರು. ಇನ್ನು ಬೇರೆಯವರಿಗೆ ಹರಡುವ ಭಯ ಇಲ್ಲ, ಮನೆಯಲ್ಲಿ ಎಂದಿನಂತೆ ಇರಿ ಅಂದರು.

ಭಯ ಆಗಬೇಕಿತ್ತು, ಅಳು ಬರಬೇಕಿತ್ತು. ನನಗೆ ಹಸಿವಾಯಿತು. ಬಸ್ ಸ್ಟ್ಯಾಂಡಿನಲ್ಲಿ ಪೊಂಗಲ್ ತಿಂದೆ. ಅದರಲ್ಲಿ ಮೆಣಸು ಜಾಸ್ತಿ ಇತ್ತು.

ಆ ಕಾಯಿಲೆಯ ಹೆಸರು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಸಭೆಯ ಮಕ್ಕಳಿಗೆ ಭಾನುವಾರದ ಪಾಠ ಹೇಳುವವಳು. ತಮ್ಮನ ಮೇಲೆ ದೂರು ಹೇಳಿದ ಅಕ್ಕನ ಮೈ ದೇವರ ಸಿಟ್ಟಿಗೆ ಬೆಳ್ಳಗಾದ ಕಥೆ, ಪ್ರವಾದಿಯ ಆಳು ಸುಳ್ಳು ಹೇಳಿ ಕುಷ್ಠ ಹಿಡಿಸಿಕೊಂಡ ಕಥೆ, ಎಲ್ಲವನ್ನೂ ನಾನೇ ಹೇಳಿಕೊಟ್ಟಿದ್ದೆ. ಕಂದು ಕಾಗದದ ಗೊಂಬೆ ಕತ್ತರಿಸಿ ಅದರ ಕೈಗೆ ಮಕ್ಕಳಿಂದಲೇ ಸೀಮೆಸುಣ್ಣ ಬಳಿಸಿದ್ದೆ. ಮುಂದಿನ ವಾರವೇ ಯೇಸು ಕುಷ್ಠರೋಗಿಯನ್ನು ಮುಟ್ಟಿ ವಾಸಿ ಮಾಡಿದ ಕಥೆ. ಆ ಸುಣ್ಣವನ್ನೇ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದೆವು. ಸುಣ್ಣ ಬಳಿದವನೂ ಒರೆಸಿದವನೂ ಒಬ್ಬನೇನಾ ಅಂತ ಯಾವ ಮಗುವೂ ಕೇಳಲಿಲ್ಲ, ನನಗೂ ಹೊಳೆದಿರಲಿಲ್ಲ. ಅಯ್ಯನವರ ಬೋಧನೆಯಲ್ಲೂ ದೇವರು ಒಂದು ವಾರ ತಂದೆ, ಇನ್ನೊಂದು ವಾರ ನ್ಯಾಯಾಧಿಪತಿ. ಇಬ್ಬರೂ ಒಬ್ಬನೇ ಅಂತ ಗೊತ್ತಿತ್ತು. ಇಬ್ಬರೂ ಒಟ್ಟಿಗೆ ನಮ್ಮ ಮನೆಗೆ ಬಂದಿರಲಿಲ್ಲ, ಅಷ್ಟೇ.

ಮನೆಯಲ್ಲಿ ವಿಷಯ ಹೇಳಿದಾಗ ನನ್ನ ಗಂಡ ಜಯರಾಜ್ ಟಿವಿಯ ಸದ್ದು ಕಡಿಮೆ ಮಾಡಿದರು. "ಯಾರ್ಗೂ ಹೇಳ್ಬ್ಯಾಡ" ಅಂದರು. ಅವರು ಫೋರ್ಕ್‌ಲಿಫ್ಟ್ ಓಡಿಸುವವರು, ಮಾತು ಕಮ್ಮಿ. ಪಾದಕ್ಕೆ ಗಾಯವಾದರೂ ಗೊತ್ತಾಗುವುದಿಲ್ಲ, ದಿನವೂ ಕಣ್ಣಿಂದ ನೋಡಿಕೊಳ್ಳಬೇಕು ಅಂತ ಡಾಕ್ಟರಮ್ಮ ಹೇಳಿದ್ದರು. ಅದನ್ನು ಅವರು ತಮ್ಮ ಡ್ಯೂಟಿ ಮಾಡಿಕೊಂಡರು. ಶಿಫ್ಟಿನಿಂದ ಬಂದವರೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಎರಡೂ ಪಾದ ಎತ್ತಿ, ಗಾಡಿಯ ಟೈರ್ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿ, "ಸರಿ ಐತೆ" ಅನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ಅವರು ನನ್ನ ಪಾದ ನೋಡಿದ್ದೇ ಇರಲಿಲ್ಲ.

ಅತ್ತೆಯದು ಬೇರೆ ದಾರಿ. ಅವರನ್ನೂ ಪರೀಕ್ಷೆ ಮಾಡಿ ಮುನ್ನೆಚ್ಚರಿಕೆಗೆ ಒಂದು ಸಲದ ಮಾತ್ರೆ ಕೊಟ್ಟಿದ್ದರು. ನುಂಗಿ ಬಂದವರು ಮಾರನೇ ದಿನ ಸ್ನಾನಕ್ಕೆ ಕೂತು, ಬೆನ್ನು ತಿಕ್ಕು ಬಾ ಅಂತ ಕರೆದರು. ಅಲ್ಲಿಯವರೆಗೆ ಒಂದು ದಿನವೂ ಕರೆದಿರಲಿಲ್ಲ. ನಾನು ಬಲಗೈಯಲ್ಲಿ ಶುರು ಮಾಡಿದರೆ, "ಎಲ್ಡೂ ಕೈ ಹಾಕು" ಅಂದರು. ಹಾಕಿದೆ. "ಮೆಲ್ಲಗೆ ಕಣೆ! ನಿಂಗೆ ಗೊತ್ತಾಗಲ್ಲ ಅಂದ್ರೆ ನಂಗೂ ಗೊತ್ತಾಗಲ್ವಾ?" ಅಂತ ಬೈದರು. ಆಮೇಲೆ ಅದು ದಿನದ ಪದ್ಧತಿಯಾಯಿತು. ಮಾತ್ರೆಯಿಂದ ನನ್ನ ಮೈ ಕಪ್ಪಾಗುತ್ತಾ ಬಂದಾಗಲೂ ಬಿಡಲಿಲ್ಲ. "ಹೆಣ್ಣು ನೋಡಾಕ್ ಬಂದಾಗ ಈ ಬಣ್ಣ ಇದ್ದಿದ್ರೆ ನಾನು ಕಾಫಿ ಕುಡ್ದು ಎದ್ದು ಬತ್ತಿದ್ದೆ" ಅಂತ ರೇಗಿಸಿದರು. ನಾನು ನಕ್ಕಿರಬೇಕು.

ಅಯ್ಯನವರಿಗೆ ನಾನೇ ಹೇಳಿದೆ. ಮೇಜಿನ ರೊಟ್ಟಿ ಮಾಡುವ ಕೈ, ಹೇಳದೆ ಇರುವುದು ಸರಿಯಲ್ಲ ಅನ್ನಿಸಿತು. ಹರಡುವುದಿಲ್ಲ ಅಂತ ಡಾಕ್ಟರಮ್ಮ ಹೇಳಿದ್ದನ್ನೂ ಹೇಳಿದೆ. ಅವರು ತಲೆಯ ಮೇಲೆ ಕೈ ಇಡಲು ಬಂದು, ಒಂದು ಗೇಣು ಮೇಲೆಯೇ ನಿಲ್ಲಿಸಿ ಪ್ರಾರ್ಥನೆ ಮಾಡಿದರು. ಕಣ್ಣು ಮುಚ್ಚಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ. ಅವತ್ತು ಯಾಕೋ ಮುಚ್ಚಿರಲಿಲ್ಲ. ಮುಂದಿನ ತಿಂಗಳ ಮೇಜಿಗೆ ಹೋದಾಗ ರೊಟ್ಟಿಯ ಜಾಗದಲ್ಲಿ ಬೇಕರಿಯ ಬ್ರೆಡ್ಡಿನ ತುಂಡುಗಳಿದ್ದವು. ಬಟ್ಟಲಿನ ಜಾಗದಲ್ಲಿ ಕೆಮ್ಮಿನ ಔಷಧಿಯ ಮುಚ್ಚಳದಷ್ಟೇ ಇರುವ ಪ್ಲಾಸ್ಟಿಕ್ ಲೋಟಗಳು. "ಎಲ್ಲರ ಆರೋಗ್ಯದ ದೃಷ್ಟಿಯಿಂದ" ಅಂತ ಪ್ರಕಟಣೆಯಾಯಿತು. ಯಾರೂ ನನ್ನ ಕಡೆ ನೋಡಲಿಲ್ಲ. ಅದರಿಂದಲೇ ಎಲ್ಲರಿಗೂ ಗೊತ್ತಾಗಿದೆ ಅಂತ ಗೊತ್ತಾಯಿತು.

ಆ ವಾರ ದೀನಕ್ಕ ಮನೆಗೆ ಬಂದರು. ಸಭೆಯ ಹಿರಿಯರ ಹೆಂಡತಿ, ಕೆಲಮಂಗಲದವರು, ಹೆಂಗಸರ ಕೂಟಕ್ಕೆಲ್ಲ ಅವರೇ ಮುಂದಾಳು. ಸಣ್ಣ ಲೋಟಗಳ ಮಾತು ಮೊದಲು ಎತ್ತಿದವರು ಅವರೇ ಅಂತ ನನಗೆ ಆಗಲೇ ಸುದ್ದಿ ಬಂದಿತ್ತು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, ಕಾಫಿ ಬೇಡ ಅಂದು, ಪ್ರಾರ್ಥನೆ ಮಾಡಿ, ಆಮೇಲೆ ಮಾತು ತೆಗೆದರು.

"ದೇವ್ರು ಸುಮ್ಸುಮ್ಕೆ ಯಾರ್ ಮ್ಯಾಲೂ ಕೈ ಎತ್ತಲ್ಲ ಸುಗುಣ. ತನ್ನ ಮಕ್ಳು ಅಂತ ತಾನೇ ದಂಡ್ಸೋದು? ಬೀದೀಲಿ ಹೋಗೋ ಮಕ್ಳನ್ನ ಯಾರಾನ ಹೊಡೀತಾರಾ? ಅದೂ ಪ್ರೀತೀನೇ ಕಣೆ. ಒಳಗೆ ನೋಡ್ಕೋ, ಏನೈತೆ ಅಂತ. ಸಿಕ್ದ್ರೆ ನಂಗೂ ಹೇಳು."

ಒಳಗಿಂದ ಅತ್ತೆ, "ಏನ್ ದೀನಮ್ಮ, ತಪ್ಪು ಮಾಡ್ದೋರ್ಗೆಲ್ಲ ಬರಂಗಿದ್ರೆ ನಿಮ್ ಕೆಲಮಂಗಲದ ಸಂತೇಲಿ ಒಬ್ರೂ ನೆಟ್ಟಗಿರ್ತಿರ್ಲಿಲ್ಲ" ಅಂದರು. ದೀನಕ್ಕ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಸೀರೆಯ ನೆರಿಗೆಯನ್ನು ಕಾಲ ಮೇಲೆ ಎಳೆದುಕೊಂಡು ಎದ್ದು ಹೋದರು. ನನ್ನ ಗುಟ್ಟು ತಿಳಿದುಕೊಳ್ಳುವ ಚಪಲ ಈಯಮ್ಮನಿಗೆ ಅಂತ ನಾನು ಅಂದುಕೊಂಡೆ.

ಆದರೂ ಹುಡುಕಿದೆ. ಹುಡುಕದೆ ಇರಲಾಗಲಿಲ್ಲ. ಸಿಕ್ಕಿದ್ದೆಲ್ಲ ಚಿಲ್ಲರೆ. ಓರಗಿತ್ತಿಯ ಮೇಲೆ ಹೊಟ್ಟೆಕಿಚ್ಚು, ಪ್ರಾರ್ಥನೆಯ ನಡುವೆ ತೂಕಡಿಕೆ, ಜ್ವರ ಅಂತ ಸುಳ್ಳು ಹೇಳಿ ಹಾಕಿದ ರಜೆ. ಇಷ್ಟಕ್ಕೆ ಕುಷ್ಠ ಕೊಡುವ ದೇವರಾದರೆ ಅವನ ತಕ್ಕಡಿಯೇ ಸರಿಯಿಲ್ಲ. ಇಷ್ಟಕ್ಕಲ್ಲ ಅಂದರೆ ಮತ್ತೆ ಯಾತಕ್ಕೆ? ನನಗೇ ಗೊತ್ತಿಲ್ಲದ ಏನೋ ಇದೆಯೇ? ಕೈ ಸುಡುತ್ತಿದ್ದುದೇ ಗೊತ್ತಾಗದವಳಿಗೆ ಆತ್ಮ ಸುಡುವುದು ಗೊತ್ತಾಗುತ್ತದೆಯೇ? ಈ ಪ್ರಶ್ನೆಗೆ ಉತ್ತರ ಸಿಗದೆ ನಾನು ರೊಟ್ಟಿ ಮುಟ್ಟುವ ಹಾಗಿರಲಿಲ್ಲ. ಶಿಕ್ಷೆ ಅನುಭವಿಸುತ್ತಿರುವವಳು ಏನೂ ಆಗದವಳ ಹಾಗೆ ಹೋಗಿ ಮೇಜಿಗೆ ಕೂರುವುದು ಹೇಗೆ? ಮುಂದಿನ ತಿಂಗಳ ಮೇಜಿನಿಂದ ನಾನು ಹಿಂದಿನ ಸಾಲಿಗೆ ಹೋದೆ. ಗಂಡ ಬೇಡ ಅಂದರು, ಅತ್ತೆ ಬೈದರು. ತಟ್ಟೆ ಬಂದಾಗ ಮುಟ್ಟದೆ ಸುಮ್ಮನೆ ಕೂರುತ್ತಿದ್ದೆ, ಪಕ್ಕದವರು ನನ್ನ ಮುಂದಿನಿಂದ ಕೈ ಚಾಚಿ ದಾಟಿಸುತ್ತಿದ್ದರು.

ತಿಂಗಳಿಗೊಮ್ಮೆ ಕೃಷ್ಣಗಿರಿಗೆ ಹೋಗಿ ಬರುತ್ತಿದ್ದೆ. ಆ ದಿನದ ಮಾತ್ರೆಗೆ ಮೂತ್ರ ಕೆಂಪಗೆ ಬರುತ್ತದೆ. ಮೊದಲ ಸಲ ನೋಡಿದಾಗ ರಕ್ತ ಅಂದುಕೊಂಡೆ, ಅವಾಗಲೂ ಎದೆ ಹೊಡೆದುಕೊಳ್ಳಲಿಲ್ಲ. ಓ, ರಕ್ತ ಅನ್ನಿಸಿತು, ಅಷ್ಟೇ. ಕಾಯಿಲೆಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಇದೊಂದೇ, ಹೆದರಿಕೆಯೇ ಆಗದೆ ಇರುವುದು. ಹಾಡುವಾಗ ಬಾಯಿ ಆಡುತ್ತಿತ್ತು. ಎಲ್ಲರೂ ಅಳುವ ಉಪವಾಸ ಪ್ರಾರ್ಥನೆಯಲ್ಲಿ ನಾನು ಫ್ಯಾನಿನ ಸದ್ದು ಕೇಳುತ್ತಾ ಕೂತಿರುತ್ತಿದ್ದೆ. ಇಂಥದ್ದು ಓದುವವರಲ್ಲಿ ಯಾರಿಗಾದರೂ ಆಗುತ್ತಿದ್ದರೆ ಹೇಳುತ್ತೇನೆ, ನಂಬಿಕೆ ಹೋಯಿತು ಅಂದುಕೊಳ್ಳಬೇಡಿ. ನನಗೂ ಆಗಿತ್ತು.

ಶೂಳಗಿರಿ ದಾಟುವ ಬಸ್ಸಿನಲ್ಲಿ ಕೂತು ಕೂತು ಒಂದು ಯೋಚನೆ ಮಾತ್ರ ಗಟ್ಟಿಯಾಯಿತು. ನನಗೆ ತೀರ್ಪು ಕೊಟ್ಟವರು ಮೂರು ಜನ. ಮೊದಲನೆಯ ಡಾಕ್ಟರು ನನ್ನನ್ನು ಮುಟ್ಟಲಿಲ್ಲ, ಕೆಟ್ಟ ಹೆಸರನ್ನೂ ಹೇಳಲಿಲ್ಲ, ನಕ್ಕು ಕಳಿಸಿದರು. ಆ ನಗುವಿಗೆ ನನ್ನ ಎರಡು ಬೆರಳು ಹೋದವು. ನಮ್ಮ ಸಭೆ ತೀರ್ಪು ಕೊಟ್ಟಿತು, ಆದರೆ ಮುಟ್ಟಲಿಲ್ಲ. ಡಾಕ್ಟರಮ್ಮ ಒಬ್ಬರೇ ನನ್ನ ಕೈ ಹಿಡಿದುಕೊಂಡು ಆ ಹೆಸರು ಹೇಳಿದ್ದು. ಹೆಸರು ಹೇಳಿದ ಬಾಯಿ, ಮಾತ್ರೆ ಕೊಟ್ಟ ಕೈ, ಎರಡೂ ಒಬ್ಬರವೇ. ಅವರು ಹೇಳಿದ್ದು ನನ್ನ ಜೀವನದಲ್ಲೇ ಕೆಟ್ಟ ಮಾತು, ಅದರಂಥ ಒಳ್ಳೆಯ ಮಾತೂ ಇನ್ನೊಂದಿಲ್ಲ. ದೇವರ ತೀರ್ಪು, ದೇವರ ಪ್ರೀತಿ ಅಂತ ನಾವು ಎರಡು ವಾರಕ್ಕೆ ಹಂಚಿಟ್ಟಿರುವುದು ಹೀಗೆ ಒಂದೇ ಉಸಿರಿನಲ್ಲಿ ಬರುವಂಥದ್ದೇನೋ ಅನ್ನಿಸಿತು. ಯೇಸುವೂ ಮೊದಲು ಮುಟ್ಟಿ ಆಮೇಲೆ ತಾನೇ ಮಾತಾಡಿದ್ದು? ಇದು ಬೋಧಕರು ಒಪ್ಪುವ ಉತ್ತರವೋ ಅಲ್ಲವೋ, ಬಸ್ಸಿನಲ್ಲಿ ಸಿಕ್ಕಿದ್ದು ಇಷ್ಟೇ. ತಲೆಗೆ ಗೊತ್ತಾಯಿತು. ಕೈಗೆ ಗೊತ್ತಾಗಲಿಲ್ಲ. ನಾನು ಹಿಂದಿನ ಸಾಲಿನಲ್ಲೇ ಇದ್ದೆ.

ವರ್ಷವಾಯಿತು, ಮಾತ್ರೆ ಮುಗಿಯಿತು. ಅಯ್ಯನವರಿಗೆ ಹೇಳಿದಾಗ ನಿಜಕ್ಕೂ ಖುಷಿಪಟ್ಟರು. "ಈ ಭಾನುವಾರ ಮೇಜು ಇದೆ, ಸಾಕ್ಷಿ ಹೇಳಿಬಿಡಮ್ಮ" ಅಂದರು. ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ನಿಂತು ಹೇಳುವುದಕ್ಕೆ ನಾವು ಸಾಕ್ಷಿ ಅನ್ನುತ್ತೇವೆ. ಅದಕ್ಕೊಂದು ಧಾಟಿ ಇದೆ. ನಾನು ಹೀಗೆ ದಾರಿ ತಪ್ಪಿದ್ದೆ, ಕರ್ತನು ಹೊಡೆದ, ನಾನು ಕಣ್ಣೀರಿಟ್ಟೆ, ವಾಸಿ ಮಾಡಿದ, ಸ್ತೋತ್ರ. "ದೇವರೇ ಹೊಡೆದರು, ದೇವರೇ ಗಾಯ ಕಟ್ಟಿದರು ಅಂತ ಹೇಳಮ್ಮ, ಸಭೆಗೂ ಬಲ ಬರುತ್ತೆ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ನಾನು ಎದ್ದು ಮುಂದೆ ಹೋಗಿ ನಿಂತೆ. ಮೇಜಿನ ಮೇಲೆ ಬಿಳಿ ಬಟ್ಟೆ, ಬ್ರೆಡ್ಡಿನ ತುಂಡು, ಪುಟ್ಟ ಲೋಟಗಳು. ಮುಂದಿನ ಸಾಲಿನಲ್ಲಿ ದೀನಕ್ಕ.

"ನಂಗೆ ಬಂದಿದ್ದು ಚರ್ಮದ ತೊಂದ್ರೆ ಅಂತೀರಲ್ಲ, ಅದು ಕುಷ್ಠ" ಅಂದೆ. ಒಂದು ವರ್ಷ ಆ ಮಹಡಿಯ ಮೇಲೆ ಯಾರೂ ಆ ಶಬ್ದ ಆಡಿರಲಿಲ್ಲ. "ಮಾತ್ರೆ ಮುಗ್ದೈತೆ. ವಾಸಿ ಆಗೈತೆ ಅಂತ ಡಾಕ್ಟ್ರಮ್ಮ ಹೇಳವ್ರೆ. ಈ ಎಲ್ಡು ಬೆರಳು ಮಾತ್ರ ಹಿಂಗೇ ಇರ್ತವೆ. ದೇವ್ರು ಹೊಡುದ್ರು ಅಂತ ಹೇಳು ಅಂದ್ರು ಅಯ್ಯನವ್ರು. ಹೊಡುದ್ರೋ ಸವರಿದ್ರೋ ನಂಗೆ ಗೊತ್ತಿಲ್ಲ. ಈ ಕಾಯಿಲೇಲಿ ಎಲ್ಡೂ ಗೊತ್ತಾಗಲ್ಲ. ಗೊತ್ತಾಗ್ದೇ ಇರೋದ್ನ ಗೊತ್ತಾಯ್ತು ಅಂತ ಈ ಮೇಜಿನ ಮುಂದೆ ಹೆಂಗೆ ಹೇಳ್ಲಿ?"

ಸಾಕ್ಷಿ ಮುಗಿದ ಮೇಲೆ ಎಲ್ಲರೂ ಸ್ತೋತ್ರ ಅನ್ನಬೇಕು. ಯಾರೂ ಅನ್ನಲಿಲ್ಲ. ಅತ್ತೆ ಒಬ್ಬರು ಗಂಟಲು ಸರಿಮಾಡಿಕೊಂಡು, ಯಾರಿಗೂ ಹೆದರದವರ ಹಾಗೆ, "ಸ್ತೋತ್ರ" ಅಂದರು. ನಾನು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಅಯ್ಯನವರು ಎಂದಿನ ಎಚ್ಚರಿಕೆಯ ಮಾತು ಓದಿದರು, ದನಿ ಸ್ವಲ್ಪ ಇಳಿದಿತ್ತು. ತಟ್ಟೆ ಹೊರಟಿತು. ಆಗ ದೀನಕ್ಕ ಮುಂದಿನ ಸಾಲಿನಿಂದ ಎದ್ದರು. ಸಭೆಯ ಹಿರಿಯರ ಹೆಂಡತಿ, ಎಲ್ಲರ ಕಣ್ಣ ಮುಂದೆ, ನಡುವಿನ ದಾರಿಯಲ್ಲಿ ನಡೆದು ಬಂದು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತರು. ತಟ್ಟೆ ಬಂತು. ನಾನೂ ಮುಟ್ಟಲಿಲ್ಲ, ಅವರೂ ಮುಟ್ಟಲಿಲ್ಲ.

ಎಲ್ಲರೂ ಇಳಿದು ಹೋಗುವವರೆಗೆ ಕಾದು, ದೀನಕ್ಕ ನನ್ನನ್ನು ಪಾತ್ರೆ ಇಡುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ಸೀರೆಯನ್ನು ಮೊಣಕಾಲವರೆಗೆ ಎತ್ತಿದರು. ಮೀನಖಂಡದ ಮೇಲೆ ಅಂಗೈಯಗಲ ಮಾಸಲು ಕಲೆ.

"ಇದು ನಿಂದು ಗೊತ್ತಾಗೋಕೆ ಮುಂಚಿಂದ್ಲೂ ಐತೆ" ಅಂದರು. "ಮುಟ್ಟಿದ್ರೆ ಗೊತ್ತಾಗಲ್ಲ. ಇವ್ರಿಗೂ ತೋರ್ಸಿಲ್ಲ. ನಿನ್ನ ಸುದ್ದಿ ಕೇಳ್ದಾಗ ನಂಗೆ ನೆಲ ಕುಸಿದಂಗಾಯ್ತು. ಲೋಟ ಬದಲಾಯ್ಸಿ ಅಂತ ಇವ್ರ ತಲೆ ತಿಂದೋಳು ನಾನೇ. ನನ್ನಿಂದ ಯಾರ್ಗೂ ಹತ್ಬಾರ್ದು ಅಂತ. ಎಲ್ರೂ ನಿನ್ನಿಂದ ಅಂದ್ಕಂಡ್ರು. ನಾನು ಸುಮ್ಕಾಗ್ಬುಟ್ಟೆ."

"ಮತ್ತೆ ಅವತ್ತು ಮನೆಗೆ ಬಂದು ನಂಗೆ ಒಳಗೆ ನೋಡ್ಕೋ ಅಂದ್ರಲ್ಲ?"

"ನಿಂದೇನು ಅಂತ ಗೊತ್ತಾದ್ರೆ ನಂದೇನು ಅಂತ ಹುಡುಕ್ಕಬೋದು ಅಂತ ಬಂದಿದ್ದೆ ಕಣೆ."

ವರ್ಷದಲ್ಲಿ ಮೊದಲ ಸಲ ನನಗೆ ಏನೋ ಅನ್ನಿಸಿತು. ಅದು ಸಿಟ್ಟು. ಕಿವಿಯವರೆಗೆ ಬಿಸಿಯಾಯಿತು. ಒಂದು ವರ್ಷ ನನ್ನನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ತಾನು ಮುಂದೆ ಕೂತು ರೊಟ್ಟಿ ತಿಂದಿದ್ದಾಳೆ. ಕೂಗಾಡಬೇಕು ಅನ್ನಿಸಿತು. ಬಾಯಿಂದ ಬಂದದ್ದು ಮಾತ್ರ, "ನಾಳೆ ಬೆಳಿಗ್ಗೆ ಹೊಸೂರು ಬಸ್ ಸ್ಟ್ಯಾಂಡಿಗೆ ಬನ್ನಿ, ಜೊತೆಗೆ ಹೋಗನ" ಅನ್ನುವುದು. ಮುಂಚೆ ಹೋದಷ್ಟೂ ಒಳ್ಳೆಯದು ಅನ್ನುವುದು ನನಗೆ ಗೊತ್ತಿತ್ತಲ್ಲ.

ಈಗ ನಾನು ಮೇಜಿಗೆ ಹೋಗುತ್ತೇನೆ. ರೊಟ್ಟಿ ತೆಗೆದುಕೊಳ್ಳುತ್ತೇನೆ. ಯಾವ ಧೈರ್ಯದ ಮೇಲೆ ಅಂತ ಯಾರಾದರೂ ಕೇಳಿದರೆ ಆ ಸೋಮವಾರದ ಬಸ್ಸಿನ ಮಾತನ್ನೇ ಹೇಳಬೇಕು.

ಬಸ್ಸಿನಲ್ಲಿ ದೀನಕ್ಕ ಕಿಟಕಿಯ ಪಕ್ಕ ಕೂತಿದ್ದರು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಶೂಳಗಿರಿ ಬಂದಾಗ ಅವರು ನನ್ನ ಕಡೆ ತಿರುಗಿದರು. ಹೆಂಗಸರ ಕೂಟದಲ್ಲಿ ಎಲ್ಲರನ್ನೂ ಹೆದರಿಸುವ ಆ ಮುಖ ಚಿಕ್ಕದಾಗಿ ಹೋಗಿತ್ತು.

"ಸುಗುಣ, ನಿಜ ಹೇಳು. ನೀನು ನನ್ನ ಇಷ್ಟು ವರ್ಷದಿಂದ ನೋಡಿದ್ದೀಯ. ನಾನೇನ್ ಮಾಡಿದ್ದಕ್ಕೆ ಇದು ಬಂತು?"

ಹೇಳಬಹುದಿತ್ತು. ಬೇಕಾದಷ್ಟಿತ್ತು, ಬಸ್ಸು ಕೃಷ್ಣಗಿರಿ ಮುಟ್ಟುವವರೆಗೂ ಹೇಳಬಹುದಿತ್ತು. ಅವರು ನನ್ನ ಬಾಯನ್ನೇ ನೋಡುತ್ತಿದ್ದರು, ತೀರ್ಪು ಕೇಳುವವರ ಹಾಗೆ.

"ಏನೂ ಮಾಡಿಲ್ಲ ದೀನಕ್ಕ" ಅಂದೆ. "ಏನೂ ಮಾಡಿಲ್ಲ."

ಈ ಮಾತನ್ನು ಯಾರಾದರೂ ನನಗೆ ಹೇಳಲಿ ಅಂತ ಒಂದು ವರ್ಷ ಕಾದಿದ್ದೆ. ಅಯ್ಯನವರು ಹೇಳುತ್ತಾರೇನೋ, ದೇವರು ಹೇಳುತ್ತಾನೇನೋ ಅಂತ ಕಾದಿದ್ದೆ. ಅದು ನನ್ನ ಬಾಯಿಂದಲೇ ಬಂತು, ಇವರಿಗೆ. ನನ್ನ ಕಿವಿಗೂ ಬಿತ್ತು. ಕಣ್ಣಲ್ಲಿ ನೀರು ಬಂದು ಮುಂದಿನ ಸೀಟು ಕಾಣದಾಯಿತು. ಒರೆಸಿಕೊಳ್ಳೋಣವೆಂದು ಎಡಗೈ ಎತ್ತಲು ಹೋದೆ, ಏಳಲಿಲ್ಲ. ಕೆಳಗೆ ನೋಡಿದೆ. ದೀನಕ್ಕ ಆ ಎರಡು ಬೆರಳುಗಳನ್ನು ತಮ್ಮ ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು, ಎಷ್ಟು ಹೊತ್ತಿನಿಂದಲೋ.